ಸೇಫ್ ಡ್ರಾಪ್, 3:40

ಎಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ರಾತ್ರಿ ಹೊತ್ತು ಜನರನ್ನ ಮನೆಗೆ ಕಳಿಸೋದು. ಎಲೆಕ್ಟ್ರಾನಿಕ್ ಸಿಟೀಲಿ ಒಂದು ಬಿಪಿಓ, ಅದರ ಟ್ರಾನ್ಸ್‌ಪೋರ್ಟ್ ಡೆಸ್ಕು, 2007ರಿಂದ 2015ರ ತನಕ. ಊರಲ್ಲಿ ಯಾರಾದ್ರೂ ಕೇಳಿದ್ರೆ ನಮ್ಮಮ್ಮ "ನನ್ ಮಗ ಕಂಪ್ಯೂಟರ್ ಕಂಪನೀಲಿದಾನೆ" ಅಂತಿದ್ಳು, ಅದೇನ್ ಸುಳ್ಳಲ್ಲ ಬಿಡಿ, ನನ್ ಮುಂದೆ ಒಂದು ಕಂಪ್ಯೂಟರ್ ಇತ್ತು, ಅದ್ರಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು, ಅಷ್ಟೇ. ಕ್ಯಾಬ್ ನಂಬರ್, ಡ್ರೈವರ್ ಹೆಸರು, ಎಸ್ಕಾರ್ಟ್ (ಅಂದ್ರೆ ಗಾಡೀಲಿ ಜೊತೆಗೆ ಹೋಗೋ ಗಾರ್ಡ್) ಹೆಸರು, ಯಾರ್ಯಾರು ಹೋಗ್ತಿದಾರೆ, ಎಲ್ಲಿಗೆ, ಎಷ್ಟೊತ್ತಿಗೆ ಹೊರಟ್ರು. ಕೊನೇ ಕಾಲಂ ಮಾತ್ರ ಹಸಿರು ಬಣ್ಣ, ಅದರ ತಲೆ ಮೇಲೆ 'ಸೇಫ್ ಡ್ರಾಪ್' ಅಂತ. ಅಲ್ಲಿ ಟೈಮ್ ಹಾಕ್ಬೇಕು. ಬೆಳಿಗ್ಗೆ ಏಳಕ್ಕೆ ನನ್ನ ಶಿಫ್ಟ್ ಮುಗಿಯೋಷ್ಟೊತ್ತಿಗೆ ಆ ಹಸಿರು ಕಾಲಂನಲ್ಲಿ ಒಂದೂ ಖಾಲಿ ಬಾಕ್ಸ್ ಇರ್ಬಾರ್ದು.

ಮೊನ್ನೆ ಈಗಿರೋ ಆಫೀಸಲ್ಲಿ ಸೇಫ್ಟಿ ಆಡಿಟ್ ಇತ್ತು. ಕೋಟು ಹಾಕ್ಕೊಂಡ್ ಬಂದಿದ್ದ ಹುಡುಗ ಒಬ್ಬ ಲ್ಯಾಪ್‌ಟಾಪ್ ಇಟ್ಕೊಂಡು ಒಂದೊಂದೇ ಕೇಳ್ತಾ ಹೋದ. ಸಿಸಿಟಿವಿ ಇದೆಯಾ, ಇದೆ. ಎಸ್ಕಾರ್ಟ್ ಇದಾರಾ, ಇದಾರೆ. ಫೈರ್ ಎಕ್ಸ್‌ಟಿಂಗ್ವಿಷರ್ ಎಕ್ಸ್‌ಪೈರಿ ಆಗಿಲ್ವಾ, ಇಲ್ಲ. ಅವನು ಟಿಕ್ ಹಾಕ್ತಿದ್ದ ಸ್ಪೀಡ್ ನೋಡಿ ನಂಗೆ ನನ್ನ ಹಸಿರು ಕಾಲಂ ನೆನಪಾಯ್ತು. ಅವತ್ತಿಂದ ತಲೇಲಿ ಕೊರೀತಿದೆ, ಅದಕ್ಕೇ ಬರೀತಿದೀನಿ.

ಈ ಕಾಲಂ ಹುಟ್ಟಿದ್ದು ಯಾಕೆ ಅಂತ ಈಗಿನ ಹುಡುಗ್ರಿಗೆ ಗೊತ್ತಿರಲ್ಲ. 2005ರ ಡಿಸೆಂಬರ್ 13, ಬೆಂಗಳೂರಲ್ಲಿ ಕಾಲ್ ಸೆಂಟರಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹೆಣ್ಣುಮಗಳು ರಾತ್ರಿ ಪಿಕಪ್‌ಗೆ ಬಂದ ಕ್ಯಾಬ್ ಹತ್ತಿದ್ಳು, ಆಫೀಸ್ ತಲುಪಲೇ ಇಲ್ಲ. ಗಾಡಿ ತಂದಿದ್ದ ಡ್ರೈವರ್ ಅವತ್ತು ಅವಳನ್ನ ಕರ್ಕೊಂಡು ಬರ್ಬೇಕಾಗಿದ್ದೋನೇ ಅಲ್ಲ. ಫೋನ್ ಮಾಡಿ ನಾನೇ ಬರ್ತಿದೀನಿ ಅಂದ, ಅವಳು ನಂಬಿ ಹತ್ತಿದ್ಳು. ಹತ್ತದೆ ಇನ್ನೇನ್ ಮಾಡ್ತಾಳೆ? ಕ್ಯಾಬ್ ಬಂದಿದೆ, ಲಾಗಿನ್‌ಗೆ ಟೈಮಾಗಿದೆ. ಅವಳನ್ನ ಕೊಂದಿದ್ದಕ್ಕೆ ಅವನಿಗೆ 2010ರಲ್ಲಿ ಜೀವಾವಧಿ ಶಿಕ್ಷೆ ಆಯ್ತು. ನಮ್ಮ ಫೀಲ್ಡಲ್ಲಿ ಅದಕ್ಕಿಂತ ಜಾಸ್ತಿ ಸದ್ದು ಮಾಡಿದ್ದು ಇನ್ನೊಂದು ಕೇಸು. ರಾತ್ರಿ ಕೆಲಸ ಮಾಡೋ ಹೆಣ್ಮಕ್ಕಳಿಗೆ ಭದ್ರತೆ ಕೊಡ್ಲಿಲ್ಲ ಅಂತ ಲೇಬರ್ ಡಿಪಾರ್ಟ್‌ಮೆಂಟಿನವರು ಅವಳ ಕಂಪನಿಯ ಆಗಿನ ಮುಖ್ಯಸ್ಥರ ಮೇಲೇ ಕೇಸ್ ಹಾಕಿದ್ರು. ಅವರು ಕೇಸ್ ರದ್ದು ಮಾಡಿ ಅಂತ ಸುಪ್ರೀಂ ಕೋರ್ಟ್ ತನಕ ಹೋದ್ರು, 2008ರಲ್ಲಿ ಕೋರ್ಟು ಆಗಲ್ಲ ಅಂತು. ನಾನು ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ ಆಗಿತ್ತಷ್ಟೆ. ಆ ವಾರ ನಮ್ಮ ಡೆಸ್ಕ್ ಮುಂದೆ ಬಂದು ನಿಂತ ದೊಡ್ಡ ದೊಡ್ಡ ಮ್ಯಾನೇಜರ್‌ಗಳನ್ನ ನಾನು ಅದಕ್ಕೆ ಮುಂಚೆ ಲಿಫ್ಟಲ್ಲೂ ನೋಡಿರ್ಲಿಲ್ಲ. ಯಾವತ್ತೂ ನಮ್ಮ ಹೆಸರು ಕೇಳದವ್ರು "ಎಲ್ಲಾ ಸರಿಯಾಗಿ ನಡೀತಿದೆ ತಾನೇ ಬ್ರದರ್" ಅಂತ ಹೆಗಲ ಮೇಲೆ ಕೈ ಹಾಕಿದ್ರು.

ಕಾನೂನಂತೂ ಹಳೇದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಅದರ 25ನೇ ಸೆಕ್ಷನ್ ಪ್ರಕಾರ ಆಗ ಹೆಂಗಸರನ್ನ ರಾತ್ರಿ ಕೆಲಸಕ್ಕೆ ಹಚ್ಚೋ ಹಾಗಿರ್ಲಿಲ್ಲ. ಐಟಿ, ಬಿಪಿಓ ಬಂದ ಮೇಲೆ ಅವಕ್ಕೆ ಷರತ್ತು ಹಾಕಿ ವಿನಾಯ್ತಿ ಕೊಟ್ರು. ಷರತ್ತುಗಳ ಒಂದು ಜೆರಾಕ್ಸ್ ನಮ್ಮ ಡೆಸ್ಕಿನ ಗಾಜಿನ ಕೆಳಗೆ ಯಾವಾಗ್ಲೂ ಇರ್ತಿತ್ತು, ಕಾಫಿ ಚೆಲ್ಲಿ ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಮನೆಯಿಂದ ಆಫೀಸಿಗೆ, ಆಫೀಸಿಂದ ಮನೆಗೆ ಫ್ರೀ ವಾಹನ ಕೊಡ್ಬೇಕು, ಡ್ರೈವರ್ ಪೂರ್ವಾಪರ ವಿಚಾರಿಸಿ ಬಯೋಡೇಟಾ ಇಟ್ಕೋಬೇಕು, ರೂಟ್ ಅನ್ನ ಕಂಪನಿ ಸೂಪರ್‌ವೈಸರೇ ತೀರ್ಮಾನ ಮಾಡ್ಬೇಕು, ಹೆಂಗಸರ ಮೊಬೈಲ್ ನಂಬರ್ ಸಂಬಂಧ ಇಲ್ಲದವರ ಕೈಗೆ ಸಿಗ್ಬಾರ್ದು, ಹೆಣ್ಣುಮಗಳನ್ನ ಮೊದಲು ಹತ್ತಿಸ್ಕೊಳ್ಳೋ ಹಾಗಿಲ್ಲ, ಕೊನೇಲಿ ಇಳಿಸೋ ಹಾಗಿಲ್ಲ, ರಾತ್ರಿ ಗಾಡಿಗೆ ಗಾರ್ಡ್ ಇರ್ಬೇಕು, ಗಾಡಿ ಎಲ್ಲಿದೆ ಅಂತ ನೋಡ್ಕೊಳ್ಳೋಕೆ ಕಂಟ್ರೋಲ್ ರೂಂ ಇರ್ಬೇಕು. ಕಂಟ್ರೋಲ್ ರೂಂ ಅಂದ್ರೆ ನಾನು, ಇನ್ನೊಬ್ಬ ಹುಡುಗ, ಎರಡು ಲ್ಯಾಂಡ್‌ಲೈನು, ಒಂದು ಕೆಟ್ಟ ಎಸಿ.

ಒಳ್ಳೆ ರೂಲ್ಸು ಅವು, ಅದ್ರಲ್ಲಿ ನಂಗೆ ಡೌಟಿಲ್ಲ. ಯಾರೋ ತಿಳಿದೋರೇ ಕೂತು ಬರ್ದಿದಾರೆ. ಆದ್ರೆ ಅವನ್ನ ರಾತ್ರಿ ಎರಡೂವರೆಗೆ ಪಾರ್ಕಿಂಗಲ್ಲಿ ನಿಂತ್ಕೊಂಡು ಪಾಲಿಸೋ ಕಷ್ಟ ಇದ್ಯಲ್ಲ, ಅದನ್ನ ಹೇಳ್ತೀನಿ ಕೇಳಿ. ಒಂದು ಕ್ಯಾಬಲ್ಲಿ ಮೂರು ಜನ ಅಂತಿಟ್ಕೊಳಿ. ಕೂಡ್ಲು ಗೇಟ್ ಹುಡುಗ, ಬಿಟಿಎಂ ಎರಡನೇ ಹಂತದ ಹುಡುಗ, ತಲಘಟ್ಟಪುರದ ಹುಡುಗಿ. ನೇರವಾಗಿ ನೋಡಿದ್ರೆ ಅದೇ ಆರ್ಡರಲ್ಲಿ ಇಳಿಸ್ಕೊಂಡು ಹೋಗ್ಬೇಕು, ಆದ್ರೆ ಹುಡುಗಿ ಕೊನೇದಾಗೋ ಹಾಗಿಲ್ಲ. ಎಸ್ಕಾರ್ಟ್ ಇದ್ರೆ ಸರಿ, ಅವನು ಮುಂದಿನ ಸೀಟಲ್ಲಿ ಕೂತಿರ್ತಾನೆ. ಎಸ್ಕಾರ್ಟ್ ಇಲ್ಲಾಂದ್ರೆ ಬಿಟಿಎಂ ಹುಡುಗ ತನ್ನ ಮನೆ ದಾಟ್ಕೊಂಡು ತಲಘಟ್ಟಪುರದ ತನಕ ಹೋಗಿ, ಅವಳನ್ನ ಇಳಿಸಿ, ಮತ್ತೆ ವಾಪಸ್ ಬಿಟಿಎಂಗೆ ಬರ್ಬೇಕು. ಹತ್ತು ಗಂಟೆ ಹೆಡ್‌ಸೆಟ್ ಹಾಕ್ಕೊಂಡು ಅಮೆರಿಕದವ್ರ ಹತ್ರ ಬೈಸ್ಕೊಂಡು ಬಂದಿರೋನು ಅವನು. ಒಂದಿನ ಒಬ್ಬ ಡೆಸ್ಕಿಗೇ ಬಂದು "ನಾನೇನ್ ಅವಳ ಅಣ್ಣನಾ ಗುರೂ?" ಅಂತ ಕೂಗಾಡಿದ. ಪಕ್ಕದಲ್ಲೇ ಆ ಹುಡುಗಿ ನಿಂತಿದ್ಳು. ಅವಳು ಅಷ್ಟು ಮೆಲ್ಲಗೆ "ಪರ್ವಾಗಿಲ್ಲ ಸಾರ್, ನನ್ನ ಕೊನೇಲೇ ಬಿಡ್ಲಿ, ನಾನು ಬರ್ದು ಕೊಡ್ತೀನಿ" ಅಂದ್ಳು. ಬರ್ದು ಕೊಡೋದು ಅಂದ್ರೆ ಗೊತ್ತಲ್ಲ, ನನ್ನ ಜವಾಬ್ದಾರಿ ನನ್ನದೇ ಅಂತ ಒಂದು ಸಾಲು, ಕೆಳಗೆ ಸಹಿ. ಅಂಥ ಚೀಟಿ ಇಸ್ಕೊಳ್ಳೋ ಹಾಗಿರ್ಲಿಲ್ಲ. ಎಷ್ಟೋ ಸಲ ಇಸ್ಕೊಂಡಿದೀನಿ.

ನಂಬರ್ ಕಥೆ ಇನ್ನೊಂದು. ಸಂಬಂಧ ಇಲ್ಲದವರಿಗೆ ಕೊಡ್ಬಾರ್ದು ಅಂತ ಗಾಜಿನ ಕೆಳಗೆ ಬರ್ದಿದೆ, ಗಾಜಿನ ಮೇಲೆ ಟ್ರಿಪ್ ಶೀಟ್ ಪ್ರಿಂಟ್ ಆಗಿ ಬಿದ್ದಿರ್ತಿತ್ತು, ಅದ್ರಲ್ಲಿ ಹೆಸರು, ಮನೆ ಗುರುತು, ಮೊಬೈಲ್ ನಂಬರ್ ಎಲ್ಲ. ಡ್ರೈವರ್ ಕೈಗೆ ಕೊಡ್ಲೇಬೇಕು, ಇಲ್ಲಾಂದ್ರೆ ಪಿಕಪ್ ಹೇಗೆ? ಈಗ ಆಪ್ ಬಂದಿದೆ, ನಂಬರ್ ಕಾಣಲ್ಲ, ಅದು ಒಳ್ಳೇದಾಯ್ತು. ಆಗ ಟ್ರಿಪ್ ಮುಗಿದ ಮೇಲೆ ಆ ಶೀಟು ಡ್ಯಾಶ್‌ಬೋರ್ಡ್ ಮೇಲೆ, ಸೀಟ್ ಕೆಳಗೆ, ಕೊನೆಗೆ ಟೀ ಅಂಗಡಿ ಬೋಂಡ ಕಟ್ಟೋಕೆ. ತಮಾಷೆಗೆ ಹೇಳ್ತಿಲ್ಲ, ಫೇಸ್ 1ರ ಗೇಟ್ ಹತ್ರ ನನ್ನ ಕೈಗೇ ಬೋಂಡ ಬಂದಿದೆ ನಮ್ಮ ಟ್ರಿಪ್ ಶೀಟಲ್ಲಿ.

2011 ಇರ್ಬೇಕು, ಒಬ್ಬ ಹುಡುಗಿ ಬಂದು ಫೋನ್ ತೋರ್ಸಿದ್ಳು. ಡ್ರೈವರ್ ದಿನಾ ಗುಡ್ ಮಾರ್ನಿಂಗ್, ಊಟ ಆಯ್ತಾ, ಇವತ್ತು ಯಾಕೆ ಮಾತಾಡ್ಲಿಲ್ಲ ಅಂತ ಮೆಸೇಜು. ಬೈಗುಳ ಇಲ್ಲ, ಅಸಹ್ಯ ಇಲ್ಲ, ಅದೇ ಅವಳಿಗೆ ಕಷ್ಟ, ಏನಂತ ಕಂಪ್ಲೇಂಟ್ ಕೊಡೋದು? ನಾನೇನ್ ಮಾಡ್ದೆ ಅಂದ್ರೆ, ಮ್ಯಾನೇಜರಿಗೆ ಹೇಳ್ದೆ, ಮ್ಯಾನೇಜರ್ ವೆಂಡರಿಗೆ, ಅಂದ್ರೆ ಗಾಡಿ ಕೊಡೋ ಗುತ್ತಿಗೆದಾರನಿಗೆ ಹೇಳ್ದ, ವೆಂಡರ್ ಆ ಡ್ರೈವರನ್ನ ರೂಟ್ ಚೇಂಜ್ ಮಾಡ್ದ. ಪ್ರಾಬ್ಲಂ ಸಾಲ್ವ್ಡ್ ಅಂತ ಮೇಲ್ ಹೋಯ್ತು. ಅವನು ಬನಶಂಕರಿ ರೂಟ್ ಬಿಟ್ಟು ಯಲಹಂಕ ರೂಟಿಗೆ ಹೋದ, ಅಲ್ಲೂ ಹುಡುಗೀರಿದ್ರು, ಅಲ್ಲೂ ಟ್ರಿಪ್ ಶೀಟಲ್ಲಿ ನಂಬರ್ ಇತ್ತು. ಆಗ ಇನ್ನೂ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಬಂದಿರ್ಲಿಲ್ಲ, ಆದ್ರೆ ಸುಪ್ರೀಂ ಕೋರ್ಟಿನ ವಿಶಾಖಾ ಗೈಡ್‌ಲೈನ್ಸ್ 1997ರಿಂದಾನೇ ಇತ್ತು, ಕಂಪ್ಲೇಂಟ್ ಕಮಿಟಿ ಇರ್ಬೇಕಾಗಿತ್ತು. ಇತ್ತು ಕೂಡ. ಲಿಫ್ಟ್ ಪಕ್ಕದ ಬೋರ್ಡಲ್ಲಿ ನಾಲ್ಕು ಹೆಸರು ಅಂಟಿಸಿದ್ರು, ಅದ್ರಲ್ಲಿ ಇಬ್ರು ಕಂಪನಿ ಬಿಟ್ಟು ವರ್ಷ ಆಗಿತ್ತು. ಅವಳನ್ನ ಆ ಕಮಿಟಿ ಹತ್ರ ಕಳಿಸ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಕ್ಯಾಬ್ ವಿಷಯ ಅಂದ್ರೆ ಟ್ರಾನ್ಸ್‌ಪೋರ್ಟ್ ವಿಷಯ, ಡ್ರೈವರ್ ನಮ್ಮೋನಲ್ಲ ವೆಂಡರ್‌ನೋನು, ಅಷ್ಟೇ ನನ್ನ ತಲೆ. 2013ರ ಕಾಯ್ದೇಲಿ ಕೆಲಸದ ಜಾಗ ಅಂದ್ರೆ ಕಂಪನಿ ಕೊಡೋ ವಾಹನಾನೂ ಸೇರುತ್ತೆ ಅಂತ ಬಿಡಿಸಿ ಬರ್ದಿದಾರೆ. ಹತ್ತು ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಕಮಿಟಿ ಇರ್ಲೇಬೇಕು, ಅದ್ರಲ್ಲಿ ಅರ್ಧಕ್ಕೆ ಕಮ್ಮಿ ಇಲ್ದಂಗೆ ಹೆಂಗಸರು, ಹೊರಗಿನೋರು ಒಬ್ರು, ಕಂಪ್ಲೇಂಟ್ ಕೊಡೋಕೆ ಮೂರು ತಿಂಗಳು, ವಿಚಾರಣೆ ಮುಗಿಸೋಕೆ 90 ದಿನ. ಅದನ್ನೆಲ್ಲ ಈಗ ಆನ್‌ಲೈನ್ ಟ್ರೈನಿಂಗಲ್ಲಿ ಹೇಳ್ತಾರೆ, ನಮ್ಮ ಹುಡುಗ್ರು ಒಂದ್ ಕೈಲಿ ವಡೆ ಹಿಡ್ಕೊಂಡು ಇನ್ನೊಂದ್ ಕೈಲಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ಕೊಂಡು ಹೋಗ್ತಾರೆ, ಕೊನೇಲಿ ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು.

ಸೇಫ್ಟಿ, ಸೆಕ್ಯುರಿಟಿ ಎರಡನ್ನೂ ನಾವು ಒಂದೇ ಉಸಿರಲ್ಲಿ ಹೇಳ್ತೀವಿ, ಇಡ್ಲಿ ವಡೆ ಅಂದಂಗೆ. ಎರಡೂ ಒಂದೇ ಅಲ್ಲ ಅಂತ ನಂಗೆ ಗೊತ್ತಾಗಿದ್ದು ಗೇಟಲ್ಲಿ. ಒಬ್ಬ ಹುಡುಗಿ ಬ್ಯಾಗಲ್ಲಿ ಪೆಪ್ಪರ್ ಸ್ಪ್ರೇ ಇಟ್ಕೊಂಡಿದ್ಳು, ಅವರಪ್ಪ ತಂದ್ಕೊಟ್ಟಿದ್ದು. ಗೇಟಲ್ಲಿ ಬ್ಯಾಗ್ ಚೆಕ್ ಮಾಡೋವಾಗ ಅದು ನಿಷೇಧಿತ ವಸ್ತು ಅಂತ ಗಾರ್ಡ್ ಕಿತ್ಕೊಂಡ್ಳು. ಪೆನ್ ಡ್ರೈವ್, ಕ್ಯಾಮೆರಾ ಫೋನ್, ಪೆಪ್ಪರ್ ಸ್ಪ್ರೇ ಎಲ್ಲಾ ಒಂದೇ ಪ್ಲಾಸ್ಟಿಕ್ ಟ್ರೇ, ಟೋಕನ್ ಕೊಡೋರು, ಹೋಗೋವಾಗ ಇಸ್ಕೋಬೇಕು. ಆದ್ರೆ ಕ್ಯಾಬ್ ಹೊರಡೋದು ಹಿಂದಿನ ಗೇಟಿಂದ, ಟೋಕನ್ ಕೌಂಟರ್ ಇರೋದು ಮುಂದಿನ ಗೇಟಲ್ಲಿ. ಅವಳು ಎರಡು ದಿನ ಓಡಾಡಿ ಮೂರನೇ ದಿನ ಅದನ್ನ ತರೋದೇ ಬಿಟ್ಳು. ಗಾರ್ಡ್‌ಗಳದ್ದು ತಪ್ಪಲ್ಲ, ಅವ್ರಿಗೆ ಹೇಳಿದ್ದು ಕಂಪನಿ ಡೇಟಾನ ನಮ್ಮಿಂದ ಕಾಪಾಡಿ ಅಂತ. ನಮ್ಮನ್ನ ಬೇರೆಯವ್ರಿಂದ ಕಾಪಾಡಿ ಅನ್ನೋದು ಆಮೇಲಿನ ಮಾತು.

2010ರ ಫೆಬ್ರವರಿ 23 ನೆನಪಿರೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿ, ಮಟಮಟ ಹಗಲಲ್ಲಿ, ಜನ ತುಂಬಿರೋ ಆಫೀಸ್ ಬಿಲ್ಡಿಂಗಲ್ಲಿ. ಬೆಂಕಿಗಿಂತ ಹೊಗೆ ಜಾಸ್ತಿ. ಕೆಳಗಿಳಿಯೋ ಎಮರ್ಜೆನ್ಸಿ ದಾರಿಗೆ ಬೀಗ. ಉಸಿರು ಕಟ್ಟಿ ಜನ ಕಿಟಕಿ ಗಾಜು ಒಡೆದು ಮೇಲಿಂದ ಹಾರಿದ್ದನ್ನ ಟಿವೀಲಿ ಎಲ್ಲರೂ ನೋಡಿದ್ವಿ. 9 ಜನ ಹೋದ್ರು. ಮಗನನ್ನ ಕಳ್ಕೊಂಡ ತಂದೆಯೊಬ್ರು ಆಮೇಲೆ 'ಬಿಯಾಂಡ್ ಕಾರ್ಲ್‌ಟನ್' ಅಂತ ಗುಂಪು ಕಟ್ಕೊಂಡು ಫೈರ್ ಸೇಫ್ಟಿ ಬಗ್ಗೆ ಜನರಿಗೆ ಹೇಳ್ತಾ, ಸರ್ಕಾರದ ಬೆನ್ನು ಬಿದ್ರು. ಆ ಬೀಗ ಹಾಕಿದೋನು ಯಾರೋ ನಂಗೊತ್ತಿಲ್ಲ, ಆದ್ರೆ ಬೀಗ ಯಾಕೆ ಹಾಕ್ತಾರೆ ಅಂತ ಚೆನ್ನಾಗಿ ಗೊತ್ತು, ಯಾಕಂದ್ರೆ ಮಾರನೇ ದಿನ ನಮ್ಮ ಬಿಲ್ಡಿಂಗ್ ಮೆಟ್ಟಿಲು ನೋಡೋಕೆ ನಾವೇ ಹೋದ್ವಿ. ಎರಡನೇ ಫ್ಲೋರಲ್ಲಿ ಬಾಗಿಲಿಗೆ ಸೈಕಲ್ಲಿಗೆ ಹಾಕೋ ಥರದ ಚೈನು. ಯಾಕೆ ಅಂದ್ರೆ, ಹುಡುಗ್ರು ಅಲ್ಲಿ ಸಿಗರೇಟ್ ಸೇದ್ತಾರೆ, ಕಾರ್ಡ್ ಸ್ವೈಪ್ ಮಾಡ್ದೆ ತಪ್ಪಿಸ್ಕೊಂಡು ಹೋಗ್ತಾರೆ, ಸೆಕ್ಯುರಿಟಿಗೋಸ್ಕರ ಸಾರ್. ಅದರ ಕೆಳಗಿನ ಮೆಟ್ಟಿಲ ಮೇಲೆ ಹಳೇ ದಪ್ಪ ಮಾನಿಟರ್‌ಗಳು ರಾಶಿ. ಕೀ ಎಲ್ಲಿ ಅಂದ್ರೆ ಸೂಪರ್‌ವೈಸರ್ ಹತ್ರ, ಸೂಪರ್‌ವೈಸರ್ ಎಲ್ಲಿ ಅಂದ್ರೆ ಟೀಗೆ. ಚೈನು ಅವತ್ತೇ ಬಿಚ್ಚಿದ್ರು. ಆರು ತಿಂಗಳಾದ್ಮೇಲೆ ನೋಡಿದ್ರೆ ಚೈನ್ ಇಲ್ಲ, ಅದರ ಜಾಗದಲ್ಲಿ ಒಂದು ಬಟ್ಟೆ ಹಗ್ಗ ಕಟ್ಟಿದ್ರು. ಬಿಚ್ಚೋದು ಈಸಿ ಅಂತೆ.

ಈಗ ಎಸ್ಕಾರ್ಟ್ ವಿಷಯಕ್ಕೆ ಬರ್ತೀನಿ, ಅಸಲಿಗೆ ಹೇಳ್ಬೇಕಾಗಿದ್ದೇ ಅದು.

ಎಸ್ಕಾರ್ಟ್ ಅಂದ ತಕ್ಷಣ ನಿಮ್ಮ ಕಣ್ಣಿಗೆ ಯಾರೋ ಗಟ್ಟಿಮುಟ್ಟಾದ ಆಳು ಬಂದಿರ್ತಾನೆ. ನಮ್ಮ ಹತ್ರ ಬರ್ತಿದ್ದೋರು ಹೊಲ ಒಣಗಿ ಊರು ಬಿಟ್ಟ ಐವತ್ತು ದಾಟಿದೋರು, ಬೇರೆಲ್ಲೂ ಕೆಲಸ ಸಿಗದ ಹುಡುಗ್ರು, ಒಡಿಶಾ ಅಸ್ಸಾಂ ಕಡೆಯಿಂದ ಬಂದು ಭಾಷೆ ಬರದೆ ಒದ್ದಾಡೋರು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ ಅಂತ 2005ರ ಕಾನೂನೇ ಇದೆ, ಅದರ ಕೆಳಗೆ ಕೇಂದ್ರ ಮಾಡಿದ ಮಾದರಿ ನಿಯಮದಲ್ಲಿ ಗಾರ್ಡ್‌ಗೆ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡ್ ಟ್ರೈನಿಂಗು, ಕಮ್ಮಿ ಅಂದ್ರೂ 20 ಕೆಲಸದ ದಿನ ಅಂತಿದೆ. ನಮ್ಮ ವೆಂಡರ್ ಕೊಡ್ತಿದ್ದ ಫೈಲಲ್ಲಿ ಎಲ್ಲರ ಟ್ರೈನಿಂಗ್ ಸರ್ಟಿಫಿಕೇಟು ಇರ್ತಿತ್ತು, ಎಲ್ಲದರ ಮೇಲೂ ಒಂದೇ ಡೇಟು, ಒಂದೇ ಇಂಕು. ಒಂದು ಯೂನಿಫಾರಂ, ಅದೂ ಹಿಂದಿನೋನು ಬಿಟ್ಟು ಹೋಗಿದ್ದು, ಭುಜದ ಹತ್ರ ಜೋಲುತ್ತೆ ಇಲ್ಲಾ ಬಟನ್ ಹಾಕೋಕಾಗಲ್ಲ. ಹನ್ನೆರಡು ಗಂಟೆ ಡ್ಯೂಟಿ. ಕೂರೋಕೆ ಚೇರ್ ಇಲ್ಲ, ಕೂತ್ರೆ ಮಲಗ್ತಾರೆ ಅಂತ. ತಮಿಳುನಾಡಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಅಂತ ಕಾನೂನು ಮಾಡಿದ್ರು, ಕೇರಳದಲ್ಲಿ ಅದಕ್ಕೂ ಮುಂಚೆ. ಕೂರೋದಕ್ಕೂ ಕಾನೂನು ಬೇಕಾ ಅಂತ ಆಗ ಪೇಪರ್ ಓದ್ತಾ ನಕ್ಕಿದ್ದೆ, ಆಮೇಲೆ ನಮ್ಮ ಗೇಟ್ ನೆನಪಾಗಿ ನಗು ನಿಂತೋಯ್ತು. ಕ್ಯಾಬಲ್ಲಿ ಎಲ್ಲರನ್ನೂ ಇಳಿಸಿದ ಮೇಲೆ ಎಸ್ಕಾರ್ಟ್ ಎಲ್ಲಿಗೆ ಹೋಗ್ತಾನೆ ಅಂತ ನನ್ನ ಎಂಟು ವರ್ಷದಲ್ಲಿ ಒಬ್ಬ ಮ್ಯಾನೇಜರೂ ಕೇಳ್ಲಿಲ್ಲ. ಅದೇ ಕ್ಯಾಬಲ್ಲಿ ವಾಪಸ್ ಬರ್ತಿದ್ರು, ಪಾರ್ಕಿಂಗಲ್ಲಿ ಪೇಪರ್ ಹಾಸ್ಕೊಂಡು ಬೆಳಗಾಗೋ ತನಕ ಮಲಗ್ತಿದ್ರು. ಅವರ ಹೆಸರಿಗೆ ಸೇಫ್ ಡ್ರಾಪ್ ಕಾಲಂ ಇರ್ಲಿಲ್ಲ. ಡ್ರೈವರ್‌ಗಳದ್ದೂ ಇರ್ಲಿಲ್ಲ. ಹಗಲೆಲ್ಲಾ ಏರ್‌ಪೋರ್ಟ್ ಟ್ರಿಪ್ ಹೊಡೆದು, ಗಾಡಿ ಕಂತು ಕಟ್ಬೇಕಲ್ಲ, ರಾತ್ರಿ ನಮ್ಮಲ್ಲಿಗೆ ಬರೋರು, ಕಣ್ಣು ಕೆಂಪು ಕೆಂಪು. ಹುಡುಗೀರು ನನ್ನ ಹತ್ರ ಹೇಳ್ತಿದ್ದ ಭಯಾನೂ ಇದೇ, ಡ್ರೈವರ್ ಏನ್ ಮಾಡ್ತಾನೋ ಅನ್ನೋದಕ್ಕಿಂತ ಡ್ರೈವರ್ ತೂಕಡಿಸ್ತಾನೇನೋ ಅಂತ. ಎಷ್ಟೋ ಜನ ಹಿಂದೆ ಕೂತ್ಕೊಂಡು ಅವನನ್ನ ಮಾತಾಡಿಸ್ತಾನೇ ಇರೋರು, ಊರೆಲ್ಲಿ ಅಣ್ಣ, ಮಕ್ಕಳೆಷ್ಟು ಅಣ್ಣ, ಮಳೆ ಆಯ್ತಾ ಅಣ್ಣ.

ನಮ್ಮ ಎಸ್ಕಾರ್ಟ್‌ಗಳಲ್ಲಿ ಕುಣಿಗಲ್ ಕಡೆಯೋರು ಒಬ್ರಿದ್ರು. ಡ್ರೈವರ್‌ಗಳೆಲ್ಲ ಕುಣಿಗಲ್ ತಾತ ಅಂತಿದ್ರು, ನಾನೂ ತಾತ ಅಂತಾನೇ ಕರೀತಿದ್ದೆ. ಯೂನಿಫಾರಂ ಶರ್ಟ್ ಮೇಲೆ ಮನೇಲಿ ಹೆಣೆದ ಒಂದು ಮಾಸಿದ ಸ್ವೆಟರ್, ಕಿವಿ ಮುಚ್ಚೋ ಹಾಗೆ ಮಫ್ಲರ್. ಯಾರಾದ್ರೂ ಕಳ್ಳ ಬಂದು ಊದಿದ್ರೆ ಬಿದ್ದೋಗೋ ಆಸಾಮಿ. ಆದ್ರೆ ಡ್ರೈವರ್‌ಗಳು ಈ ತಾತನ ಕಂಡ್ರೆ ಉರ್ಕೊಳ್ಳೋರು, "ಸಾರ್ ಆ ಮುದುಕನ್ನ ನನ್ನ ಗಾಡಿಗೆ ಹಾಕ್ಬೇಡಿ" ಅಂತ ಬೇಡ್ಕೊಳ್ಳೋರು. ಯಾಕಂದ್ರೆ ಹುಡುಗೀನ ಮನೆ ಮುಂದೆ ಇಳಿಸಿದ ಮೇಲೆ ತಾತ ಗಾಡಿ ಹೊರಡೋಕೆ ಬಿಡ್ತಿರ್ಲಿಲ್ಲ. ಅವಳು ಗೇಟ್ ತೆಗೀಬೇಕು, ಬಾಗ್ಲು ತೆಗೀಬೇಕು, ಒಳಗೆ ಹೋಗಿ ರೂಮಿನ ಲೈಟ್ ಹಾಕ್ಬೇಕು, ಆ ಲೈಟು ಹೊರಗೆ ಕಾಣ್ಬೇಕು. ಅಲ್ಲಿ ತನಕ ಕ್ಯಾಬಿನ ಬಾಗ್ಲು ತೆಗ್ದು ಒಂದು ಕಾಲು ರಸ್ತೆ ಮೇಲೆ ಇಟ್ಕೊಂಡು ಕೂತಿರ್ತಿದ್ರು. ಒಂದು ಕಾಲು ಹೊರಗಿದ್ರೆ ಡ್ರೈವರ್ ಗಾಡಿ ಎತ್ತೋಕಾಗಲ್ವಲ್ಲ, ಅದು ಅವರ ಟೆಕ್ನಿಕ್. ಮೂರನೇ ಫ್ಲೋರ್ ಮನೆ ಆದ್ರೆ ನಾಲ್ಕೈದು ನಿಮಿಷ. ಯಾರು ಹೇಳ್ಕೊಟ್ರು ತಾತ ಇದನ್ನ ಅಂತ ಕೇಳಿದ್ದಕ್ಕೆ, "ಯಾರ್ ಯಾಕೇಳ್ಕೊಡ್ಬೇಕು ಸಾರ್, ನಮ್ಮ ಹುಡುಗೀನ ಬಸ್‌ಸ್ಟಾಂಡಿಂದ ಕರ್ಕೊಂಬಂದ್ರೆ ಬೀದಿ ಬಾಗ್ಲಲ್ಲಿ ಬಿಟ್ಟು ಹೋಯ್ತೀವಾ" ಅಂದ್ರು. ಆ 160 ಗಂಟೆ ಟ್ರೈನಿಂಗಲ್ಲಿ ಇದು ಎಲ್ಲಿ ಬರುತ್ತೋ ನಂಗೊತ್ತಿಲ್ಲ.

2014ರ ಮಳೆಗಾಲ. ಅವತ್ತು ಎಸ್ಕಾರ್ಟ್ ಶಾರ್ಟೇಜು, ಏಳು ಜನ ಬರ್ಬೇಕಾಗಿದ್ದ ಕಡೆ ನಾಲ್ಕೇ ಜನ. ತಲಘಟ್ಟಪುರದ ಗಾಡೀಲಿ ತಾತ ಕೂತಾಗಿತ್ತು. ಕೊನೇ ಗಳಿಗೇಲಿ ಯಾರೋ ಕ್ಲೈಂಟ್ ಕಡೆ ಮೇಡಂಗೆ ಗಾಡಿ ಬೇಕು, ಎಸ್ಕಾರ್ಟ್ ಇಲ್ದೆ ಕಳಿಸ್ಬೇಡಿ ಅಂತ ಫೋನ್ ಬಂತು. ತಾತನ್ನ ಇಳಿಸಿ ಆ ಗಾಡಿಗೆ ಹಾಕ್ದೆ. ತಲಘಟ್ಟಪುರದ ಗಾಡೀಲಿ ಒಬ್ಬ ಹುಡುಗ ಇದ್ದಾನಲ್ಲ, ಅವನು ಜೊತೆಗಿರ್ತಾನೆ ಅಂತ ಲೆಕ್ಕ. ಶೀಟಲ್ಲಿ ಎಸ್ಕಾರ್ಟ್ ಹೆಸರು ಬದಲಾಯಿಸ್ಲಿಲ್ಲ. ಬೆಳಿಗ್ಗೆ ಆಡಿಟ್ ಇತ್ತು, ಒಂದು ಹೆಣ್ಣುಮಗಳಿರೋ ಗಾಡಿ ಎಸ್ಕಾರ್ಟ್ ಇಲ್ದೆ ಹೋಯ್ತು ಅಂತ ಬರೆದ್ರೆ ನೂರೆಂಟು ಮೇಲ್.

ಗಾಡಿ ಎರಡೂ ಮುಕ್ಕಾಲಿಗೆ ಹೊರಟಿತು. ಅವಳ ಡ್ರಾಪ್‌ಗೆ ಸುಮಾರು ಒಂದು ಗಂಟೆ. ಮಳೆ ಜೋರು, ಡೆಸ್ಕಲ್ಲಿ ಎರಡೂ ಫೋನ್ ಒಂದೇ ಸಮ ಹೊಡ್ಕೊಳ್ತಿತ್ತು, ಇನ್ನೊಬ್ಬ ಹುಡುಗ ರಜಾ. ರೂಲ್ ಪ್ರಕಾರ ಇಳಿದ ಮೇಲೆ ಹುಡುಗಿಗೇ ಫೋನ್ ಮಾಡಿ, ಮನೆ ಒಳಗಿದೀನಿ ಅಂತ ಅವಳ ಬಾಯಲ್ಲೇ ಕೇಳಿ ಆಮೇಲೆ ಟೈಮ್ ಹಾಕ್ಬೇಕು. ನಾನು ಮೂರೂವರೆಗೆ ಹಸಿರು ಕಾಲಂ ನೋಡ್ದೆ, ಹನ್ನೊಂದು ಬಾಕ್ಸ್ ಖಾಲಿ. ಎಲ್ಲದಕ್ಕೂ ಅಂದಾಜಲ್ಲಿ ಟೈಮ್ ಹಾಕ್ಕೊಂಡು ಹೋದೆ. 3:25, 3:35, 3:40. ಪೂರ್ತಿ ರೌಂಡ್ ಫಿಗರ್ ಆಗ್ಬಾರ್ದು ಅಂತ ಒಂದೆರಡು ಕಡೆ 3:38, 3:42 ಅಂತಾನೂ ಹಾಕಿದೆ. ಅಷ್ಟು ಬುದ್ಧಿ ಇತ್ತು ನಂಗೆ.

ನಾಲ್ಕೂ ಇಪ್ಪತ್ತಕ್ಕೆ ಲ್ಯಾಂಡ್‌ಲೈನ್ ಹೊಡ್ಕೊಳ್ತು. "ಸಾರ್, ನಾನು ಇಂಥವಳ ತಂದೆ, ಮಗಳು ಇನ್ನೂ ಬಂದಿಲ್ಲ, ಫೋನ್ ಸ್ವಿಚಾಫ್ ಬರ್ತಿದೆ." ಅವರ ದನೀಲಿ ಸಿಟ್ಟಿರ್ಲಿಲ್ಲ, ಅದೇ ನಂಗೆ ಇನ್ನೂ ಕಿವೀಲಿದೆ, ತೊಂದ್ರೆ ಕೊಡ್ತಿದೀನೇನೋ ಅನ್ನೋ ಥರ ಮಾತಾಡಿದ್ರು. ನನ್ನ ಕಣ್ಣು ಸ್ಕ್ರೀನ್ ಮೇಲೆ. ಸೇಫ್ ಡ್ರಾಪ್, 3:40. ನಾನೇ ಟೈಪ್ ಮಾಡಿದ್ದು. ಒಂದು ಕ್ಷಣ, ಸುಳ್ಳು ಹೇಳಲ್ಲ, "ಡ್ರಾಪ್ ಆಗಿದೆಯಲ್ಲ ಸಾರ್" ಅಂತ ಬಾಯಿ ತನಕ ಬಂತು. ಯಾಕಂದ್ರೆ ಶೀಟಲ್ಲಿ ಇತ್ತಲ್ಲ.

ಡ್ರೈವರ್ ಫೋನ್ ನಾಟ್ ರೀಚಬಲ್. ಜೊತೇಲಿದ್ದ ಹುಡುಗನಿಗೆ ಮಾಡಿದ್ರೆ ನಿದ್ದೆಗಣ್ಣಲ್ಲಿ ಎತ್ತಿದ, ಮಳೆ ಜಾಸ್ತಿ ಇತ್ತು ಅಂತ ಬೇಗೂರಲ್ಲೇ ನನ್ನನ್ನ ಇಳಿಸ್ಬಿಟ್ರು ಬ್ರೋ, ಅವಳೂ ಪರ್ವಾಗಿಲ್ಲ ಅಂದ್ಳು ಅಂದ. ಅಂದ್ರೆ ಗಾಡೀಲಿ ಅವಳು, ಡ್ರೈವರ್ ಇಬ್ರೇ. ವೆಂಡರಿಗೆ ಮಾಡಿದ್ರೆ ಎತ್ತಲಿಲ್ಲ. ಆ ಗಾಡಿ ಜಿಪಿಎಸ್ ಗೊಟ್ಟಿಗೆರೆ ಹತ್ರ ಕೊನೇ ಸಲ ತೋರಿಸಿ ನಿಂತಿತ್ತು, ಅದೂ ಒಂದು ಗಂಟೆ ಹಿಂದೆ. ಪೊಲೀಸ್‌ಗೆ ಮಾಡ್ಲಾ, ಮ್ಯಾನೇಜರಿಗೆ ಮಾಡ್ಲಾ ಅಂತ ಕೈ ನಡುಗ್ತಿತ್ತು. ಮೊದಲು ಮ್ಯಾನೇಜರಿಗೆ ಮಾಡ್ದೆ, ಅದಕ್ಕೂ ನಂಗೆ ಇವತ್ತಿಗೂ ನಾಚಿಕೆ ಇದೆ. ಆಮೇಲೆ ಪಾರ್ಕಿಂಗಲ್ಲಿದ್ದ ಒಂದು ಇಂಡಿಕಾನ ಆ ರೂಟಲ್ಲಿ ಹುಡುಕ್ಕೊಂಡು ಹೋಗೋಕೆ ಕಳಿಸ್ದೆ. ಅಷ್ಟೊತ್ತಿಗೆ ತಾತ ಇನ್ನೊಂದು ಟ್ರಿಪ್ ಮುಗ್ಸಿ ವಾಪಸ್ ಬಂದಿದ್ರು, ಯಾರೂ ಹೇಳ್ದೇನೇ ಆ ಇಂಡಿಕಾ ಹತ್ತಿ ಕೂತ್ರು, ಮಫ್ಲರ್ ಒದ್ದೆ ಆಗಿತ್ತು.

ಅಂಜನಾಪುರದ ಹತ್ರ ಟೈರ್ ಪಂಕ್ಚರ್ ಆಗಿ, ಸ್ಟೆಪ್ನಿ ಹಾಕೋಕೆ ಹೋದ್ರೆ ಅದ್ರಲ್ಲೂ ಗಾಳಿ ಇಲ್ದೆ, ಗಾಡಿ ರಸ್ತೆ ಪಕ್ಕ ನಿಂತಿತ್ತಂತೆ. ಡ್ರೈವರ್ ಒಳ್ಳೇ ಹುಡುಗ, ಹುಡುಗೀನ ಒಳಗೆ ಕೂರ್ಸಿ ಲಾಕ್ ಮಾಡ್ಕೊಳಿ ಮೇಡಂ ಅಂತ ಹೇಳಿ ಅವನು ಮಳೇಲಿ ಹೊರಗೆ ನಿಂತಿದ್ದ. ಇಬ್ರ ಫೋನೂ ಚಾರ್ಜ್ ಖಾಲಿ. ಅವಳು ಒಂದೂಕಾಲು ಗಂಟೆ ಆ ಗಾಡಿ ಒಳಗೆ ಕೂತಿದ್ಳು, ಗಾಜಿಗೆ ಆವಿ ಕಟ್ಕೊಂಡು ಹೊರಗೆ ನಿಂತಿರೋನು ಯಾರು ಏನು ಅಂತ ಕಾಣ್ತಿರ್ಲಿಲ್ಲ ಅಂತ ಆಮೇಲೆ ಹೇಳಿದ್ಳು. ಮನೆ ತಲುಪಿದ್ದು ಐದೂ ಹತ್ತಕ್ಕೆ. ತಾತ ಅಲ್ಲಿಂದಾನೇ ಇಂಡಿಕಾ ಡ್ರೈವರ್ ಫೋನಲ್ಲಿ ನಂಗೆ ಹೇಳಿದ್ರು, "ಲೈಟ್ ಬಂತು ಸಾರ್."

ಏನೂ ಆಗ್ಲಿಲ್ಲ ಅಲ್ವಾ. ಅದೇ ಪ್ರಾಬ್ಲಂ. ಏನೂ ಆಗ್ದೆ ಇದ್ದಿದ್ದಕ್ಕೆ ಯಾರೂ ಏನೂ ಕೇಳ್ಲಿಲ್ಲ. 3:40 ಹಾಗೇ ಉಳೀತು, ಆಡಿಟ್‌ನಲ್ಲಿ ನಮ್ಮ ಸೈಟಿಗೆ ಫುಲ್ ಮಾರ್ಕ್ಸ್ ಬಂತು, ಟೀಮ್‌ಗೆ ಪಿಜ್ಜಾ ಕೊಡಿಸಿದ್ರು. ನಾನೂ ತಿಂದೆ. ಮಾರನೇ ವಾರ ಅವರಪ್ಪ ಒಂದು ಡಬ್ಬೀಲಿ ಕೋಡುಬಳೆ ಕಳಿಸಿದ್ರು ಡೆಸ್ಕಿಗೆ, ಅಷ್ಟೊತ್ತಲ್ಲಿ ತೊಂದ್ರೆ ತಗೊಂಡ್ರಿ ಅಂತ. ಪಿಜ್ಜಾ ತಿಂದೋನು ಕೋಡುಬಳೆ ತಿನ್ನೋಕಾಗ್ಲಿಲ್ಲ, ಡ್ರೈವರ್‌ಗಳಿಗೆ ಕೊಟ್ಟೆ.

ಅಲ್ಲಿಂದೀಚೆಗೆ ತುಂಬಾ ಬದಲಾಗಿದೆ. 2019ರ ಜನವರಿಯಿಂದ ಹೊಸ ಹಳದಿ ಬೋರ್ಡ್ ಗಾಡಿಗಳಿಗೆ ಟ್ರ್ಯಾಕಿಂಗ್ ಡಿವೈಸು, ಪ್ಯಾನಿಕ್ ಬಟನ್ನು ಕಡ್ಡಾಯ ಮಾಡಿದ್ರು. ಹೋದ ತಿಂಗಳು ಒಂದು ಕ್ಯಾಬಲ್ಲಿ ಆ ಕೆಂಪು ಬಟನ್ ಹುಡುಕ್ದೆ, ಹೊಸ ರೆಕ್ಸಿನ್ ಸೀಟ್ ಕವರ್ ಕೆಳಗೆ ಉಬ್ಬಿಕೊಂಡಿತ್ತು. ಡ್ರೈವರ್ ನಕ್ಕೊಂಡು "ಮಕ್ಕಳು ಸುಮ್‌ಸುಮ್ನೆ ಒತ್ತುತ್ವೆ ಸಾರ್" ಅಂದ. 2021ರಲ್ಲಿ ಹತ್ತು ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಅಂಗಡಿಗಳೂ 24 ಗಂಟೆ ತೆಗೀಬಹುದು ಅಂತ ಸರ್ಕಾರದ ಆದೇಶ ಬಂತು, 2023ರ ಫೆಬ್ರವರೀಲಿ ಕಾರ್ಖಾನೆ ಕಾಯ್ದೆಗೂ ತಿದ್ದುಪಡಿ ತಂದು ಹೆಂಗಸರಿಗೆ ರಾತ್ರಿ ಪಾಳಿಗೆ ದಾರಿ ಮಾಡಿದ್ರು. ಬೇಡ ಅನ್ನಲ್ಲ ನಾನು, ರಾತ್ರಿ ದುಡಿಯೋ ಅವಕಾಶ ಯಾಕೆ ಗಂಡಸರಿಗೆ ಮಾತ್ರ ಇರ್ಬೇಕು. ಆದ್ರೆ ಆ ಬಿಪಿಓ ಕ್ಯಾಬ್ ಹೋಗೋ ಅದೇ ಹೊಸೂರು ರಸ್ತೇಲಿ ಬೊಮ್ಮನಹಳ್ಳಿ ಗಾರ್ಮೆಂಟ್ಸ್ ಹೆಂಗಸರು ಟೆಂಪೋದಲ್ಲಿ ನಿಂತ್ಕೊಂಡು ಹೋಗೋದನ್ನ ದಿನಾ ನೋಡಿದೀನಿ, ಕತ್ತಲಾದ ಮೇಲೆ ಕೆಲವರು ಸರ್ವಿಸ್ ರೋಡಲ್ಲಿ ಇಳಿದು ಒಳಗಿನ ಗಲ್ಲಿಗೆ ನಡ್ಕೊಂಡು ಹೋಗೋದನ್ನ. ಅವರ ಲೈಟ್ ನೋಡೋಕೆ ಯಾರನ್ನ ಕಳಿಸ್ತಾರೆ? ನಮ್ಮಲ್ಲಿ ಕ್ಲೈಂಟ್ ಇದ್ದ, ಕ್ಲೈಂಟಿಗೆ ಹೆದರಿ ನಾವು ನೆಟ್ಟಗಿದ್ವಿ, ಅಷ್ಟಾದ್ರೂ ನೆಟ್ಟಗೆ.

2015ರಲ್ಲಿ ಸೆಕ್ಯುರಿಟಿ ವೆಂಡರ್ ಬದಲಾದ. ಹೊಸ ವೆಂಡರ್ ಬಂದೋನು ಎಸ್ಕಾರ್ಟ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಎತ್ತರ ಅಳೆದು, ಆಧಾರ್ ಕೇಳಿ, ನಲವತ್ತೈದು ದಾಟಿದೋರನ್ನ ಬೇಡ ಅಂದ. ಕೇಂದ್ರದ ಕಾನೂನಲ್ಲಿ 65ರ ತನಕ ಅವಕಾಶ ಇದೆ, ಅದನ್ನ ನಾನು ಮೇಲ್‌ನಲ್ಲಿ ಬರೆದೆ ಕೂಡ. ನಮ್ಮ ಬ್ರ್ಯಾಂಡ್ ಇಮೇಜಿಗೆ ಹೊಂದಲ್ಲ ಅಂತ ಉತ್ತರ ಬಂತು. ತಾತ ಕೊನೇ ದಿನ ಯೂನಿಫಾರಂ ಮಡಚಿ ಡೆಸ್ಕ್ ಮೇಲಿಟ್ರು, ಸ್ವೆಟರ್ ಮಾತ್ರ ಅವರದ್ದು. ಬಾಕಿ ಸಂಬಳದ ಬಗ್ಗೆ ಮಾತಾಡ್ತಾರೆ ಅಂದ್ಕೊಂಡು ನಾನು ವೆಂಡರ್ ನಂಬರ್ ಬರೆದಿಟ್ಟಿದ್ದೆ.

ಆ ಚೀಟಿ ಇಸ್ಕೊಂಡು ಜೇಬಲ್ಲಿಟ್ಟು, "ಸಾರ್, ಆ ತಲಘಟ್ಟಪುರದ ಮೇಡಂ ಮನೇಲಿ ಮುಂದಿನ ರೂಮಿನ ಲೈಟ್ ಕೆಟ್ಟೋಗದೆ. ಈಗ ಅವರು ಅಡುಗೆಮನೆ ಕಿಟಕೀಲಿ ನಿಂತ್ಕೊಂಡು ಕೈ ಆಡಿಸ್ತಾರೆ, ಗಾಡಿ ಒಂಚೂರು ಮುಂದಕ್ಕೆ ನಿಲ್ಲಿಸಿದ್ರೇನೇ ಅದು ಕಾಣೋದು, ಬೇವಿನ ಮರ ಅಡ್ಡ. ಹೊಸಬರಿಗೆ ಸ್ವಲ್ಪ ಹೇಳ್ಬಿಡಿ" ಅಂದ್ರು.